ಮಾಬೂ ಹಡಗಿನ ಬಲಗಡೆ

ಹಡಗಿನ ಚರಿತ್ರೆ ಬರೆಯುವವನು ಒಂದು ದಿನವಾದರೂ ಹಡಗಿನಲ್ಲಿ ಕರುಳು ಕಿತ್ತು ಬರುವಂತೆ ವಾಂತಿ ಮಾಡಿಕೊಂಡಿರಬೇಕು ಎಂದು ಕಾನೂನು ತರಬೇಕು. ನಮ್ಮ ಹಳೆಯ ನಾವಿಕರ ಸಂಘದ ಕಾರ್ಯದರ್ಶಿ ಕ್ರಾಸ್ಬಿ ಯುದ್ಧದ ಅಷ್ಟೂ ವರ್ಷ ಹ್ಯಾಲಿಫ್ಯಾಕ್ಸಿನ ಉಗ್ರಾಣದಲ್ಲಿ ಕೂತು ಕಂಬಳಿ ಹಂಚಿದ ಗಂಡಸು. ಅವನು ಟೈಪು ಮಾಡಿದ ಒಂದು ಪುಟ ನನ್ನ ಅಡುಗೆಮನೆಯ ಮೇಜಿನ ಮೇಲೆ ಬಿದ್ದಿತ್ತು. 'ಬೆಂಗಾವಲು ಹಡಗು ಮಾಬೂ, ಸೇವಾ ಚರಿತ್ರೆ.' ಹನ್ನೆರಡು ಸಾಲು. ಸೇವೆ ಹದಿನಾಲ್ಕು ತಿಂಗಳು, ಅಟ್ಲಾಂಟಿಕ್ ದಾಟಿದ್ದು ಒಂಬತ್ತು ಸಲ, ಮುಳುಗಿಸಿದ ಸಬ್‌ಮೆರೀನು ಒಂದು, ಸತ್ತವರು ನಲವತ್ತಾರು. ಹನ್ನೊಂದು ಸಾಲನ್ನು ಹಲ್ಲು ಕಚ್ಚಿ ಓದಿದೆ. ಹನ್ನೆರಡನೆಯದು ಹೀಗಿತ್ತು: 'ಹಡಗು ಮುಳುಗುವ ಮುನ್ನ ಆಳದ ಬಾಂಬುಗಳನ್ನು ನಿಷ್ಕ್ರಿಯಗೊಳಿಸುವಲ್ಲಿ ಹಿರಿಯ ನಾವಿಕ ಈನೊಸ್ ಜಿಂಕ್ ವಿಫಲನಾದ ಕಾರಣ ನೀರಿನಲ್ಲಿದ್ದ ಇಪ್ಪತ್ತೇಳು ಮಂದಿ ಅಸುನೀಗಿದರು.'

ಆ ಪುಟ ತಂದವಳು ಈನೊಸನ ಮಗಳು ವರ್ನಾ. ಲೂನೆನ್‌ಬರ್ಗಿನಿಂದ ಎರಡು ಬಸ್ಸು ಬದಲಿಸಿ ನಮ್ಮೂರು ಗ್ಲೇಸ್ ಬೇಗೆ ಬಂದಿದ್ದಳು. ವಯಸ್ಸು ಮೂವತ್ತೆಂಟು, ಮೀನಿನ ಕಾರ್ಖಾನೆಯಲ್ಲಿ ಕೆಲಸ, ಕೈ ತುಂಬ ಚಾಕುವಿನ ಗೀರು. ಅಪ್ಪನದೇ ದವಡೆ. ಕೋಟು ಬಿಚ್ಚಲಿಲ್ಲ, ಕುರ್ಚಿಯ ತುದಿಯಲ್ಲಿ ಕೂತಳು.

"ಬರೋ ಭಾನುವಾರ ಚರ್ಚಿನ ಹಾಲಲ್ಲಿ ಇದನ್ನ ಎಲ್ಲರ ಮುಂದೆ ಓದಿ, ಚೌಕಟ್ಟು ಹಾಕಿ ಗೋಡೆಗೆ ನೇತು ಹಾಕ್ತಾರಂತೆ. ಡ್ರಮ್ಮಿನ ಪಾಳಿಯವರಲ್ಲಿ ಉಳಿದಿರೋದು ನೀವೊಬ್ರೇ ಅಂತ ಕ್ರಾಸ್ಬಿ ಹೇಳಿದ. ಈ ಸಾಲು ಸುಳ್ಳು ಅಂತ ನೀವು ಹೇಳಿದ್ರೆ ತೆಗೀತಾನಂತೆ. ಅದನ್ನ ಕೇಳೋಕೆ ಬಂದೆ," ಅಂದಳು.

ನಾನು ಒಲೆಯ ಕಡೆ ತಿರುಗಿದೆ. "ಕೋಕೋ ಕುಡೀತೀಯೇನಮ್ಮ?"

"ನಮ್ಮ ಬೀದೀಲೇ ಹರ್ಮನ್ ಅಂತ ಒಬ್ಬ ಹುಡುಗ ಇದ್ದ, ನಿಮ್ಮ ಹಡಗಲ್ಲೇ ಸತ್ತ. ಅವನ ತಾಯಿ ಪ್ರತಿ ಅಕ್ಟೋಬರಲ್ಲೂ ನಮ್ಮ ಬಾಗಿಲಿಗೆ ಮೀನಿನ ಕರುಳು ಎರಚೋಳು. ನಾನು ಸ್ಕೂಲಿಗೆ ಹೊರಡೋ ಮುಂಚೆ ಅಮ್ಮ ತೊಳೆದಿಡೋಳು. ಒಂದು ದಿನಾನೂ ಜಗಳಕ್ಕೆ ಹೋಗ್ಲಿಲ್ಲ. ಹೌದಿರಬಹುದೇನೋ ಅಂತ ಅವಳಿಗೇ ಅನುಮಾನ." ವರ್ನಾ ಪುಟವನ್ನು ನನ್ನ ಕಡೆ ನೂಕಿದಳು. "ಹೌದೋ ಅಲ್ವೋ? ಅಷ್ಟು ಹೇಳಿ ಸಾಕು."

ಕೋಕೋ ಕುದಿಸುತ್ತಾ ನಾನು ಬೆನ್ನು ತೋರಿಸಿಕೊಂಡೇ ನಿಂತಿದ್ದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನಗೆ ಹೆಗಲು ಮುಟ್ಟಿಕೊಳ್ಳುವುದಕ್ಕೂ ಧೈರ್ಯವಿರಲಿಲ್ಲ.

ಡ್ರಮ್ಮು ಅಂದರೆ ಆ ಆಳದ ಬಾಂಬು. ಎಣ್ಣೆಯ ಪೀಪಾಯಿಯಂಥದು, ಹೊಟ್ಟೆಯಲ್ಲಿ ಒಂದೂ ಕಾಲು ಕ್ವಿಂಟಲಿಗೂ ಮೀರಿ ಸಿಡಿಮದ್ದು. ಮುಖದ ಮೇಲೆ ಗಡಿಯಾರಕ್ಕಿರುವಂಥ ಒಂದು ಮುಳ್ಳು ಇರುತ್ತದೆ. ಚಾವಿ ಹಾಕಿ ಅದನ್ನು ಐವತ್ತಕ್ಕೆ ತಿರುಗಿಸಿದರೆ ಐವತ್ತಡಿ ಆಳದಲ್ಲಿ ಸಿಡಿಯುತ್ತದೆ, ನೂರಕ್ಕಾದರೆ ನೂರಡಿಯಲ್ಲಿ. 'ಸೇಫ್'ಗೆ ತಿರುಗಿಸಿದರೆ ಸಮುದ್ರದ ತಳ ಮುಟ್ಟಿದರೂ ಬರೀ ಕಲ್ಲುಗುಂಡು. ಹಡಗು ಮುಳುಗುವ ಗಳಿಗೆ ಬಂದರೆ ಪ್ರತಿಯೊಂದು ಮುಳ್ಳೂ ಸೇಫ್‌ನಲ್ಲಿರಬೇಕು. ಇಲ್ಲದಿದ್ದರೆ ಅವು ಹಡಗಿನ ಜೊತೆ ಇಳಿದು, ನೀರಿಗೆ ಹಾರಿದ ನಮ್ಮವರ ಕಾಲಡಿಯಲ್ಲೇ ಸಿಡಿಯುತ್ತವೆ.

ಚಾವಿ ಇದ್ದದ್ದು ಎರಡು. ಒಂದು ಈನೊಸನ ಕೊರಳಲ್ಲಿ ದಾರಕ್ಕೆ ಕಟ್ಟಿದ್ದು, ಇನ್ನೊಂದು ಬಲಗಡೆಯ ಕೊಕ್ಕೆಯಲ್ಲಿ. ಎಡಗಡೆ ಮತ್ತು ಹಿಂಭಾಗ ಅವನದು, ಬಲಗಡೆ ನನ್ನದು. ದಿನಕ್ಕೆರಡು ಸಲ, ಪಾಳಿ ಮುಗಿದು ಡ್ರಮ್ಮುಗಳನ್ನು ಮಲಗಿಸುವಾಗ, ಅವನು "ಬಲಗಡೆ?" ಎಂದು ಕೂಗುವನು, ನಾನು ಮುಳ್ಳು ನೋಡಿ "ಸೇಫ್" ಅನ್ನಬೇಕು, ಅವನು ಮೇಲೆ ಕಪ್ತಾನರಿಗೆ ವರದಿ ಒಪ್ಪಿಸಬೇಕು. ಹದಿನಾಲ್ಕು ತಿಂಗಳು ನಡೆದ ಪದ್ಧತಿ ಇದು. ಮೊದಲ ತಿಂಗಳು ನಾನು ನೋಡಿ ಹೇಳುತ್ತಿದ್ದೆ.

ಈನೊಸ್ ಕಾಡ್ ಮೀನು ಹಿಡಿಯುತ್ತಿದ್ದ ಮನುಷ್ಯ, ನಲವತ್ತೊಂದರ ಪ್ರಾಯ. ಗಾಳದ ಹಗ್ಗಕ್ಕೆ ಸಿಕ್ಕಿ ಎಡಗೈಯ ಎರಡು ಬೆರಳು ಹೋಗಿದ್ದವು. ನನಗಾಗ ಇಪ್ಪತ್ತೊಂದು, ಕಲ್ಲಿದ್ದಲ ಗಣಿ ಬಿಟ್ಟು ಬಂದವನು. ಅವನ ಬಾಯಿಗೆ ಹೆದರಿದಷ್ಟು ನಾನು ಜರ್ಮನರಿಗೆ ಹೆದರಿದವನಲ್ಲ. ಮಾಬೂದಲ್ಲಿ ಕೋಕೋ ಬರುತ್ತಿದ್ದದ್ದು ಗಟ್ಟಿ ಹಲಗೆಯಾಗಿ, ಇಟ್ಟಿಗೆಯಂತೆ. ಅಡುಗೆಯ ಬೊಡ್ರೋನ ಸುತ್ತಿಗೆ ಒಂದು ಬಿರುಗಾಳಿಯಲ್ಲಿ ಸಮುದ್ರಪಾಲಾದ ಮೇಲೆ, ಆ ಹಲಗೆ ಒಡೆಯಲು ನನ್ನ ಕೊಕ್ಕೆಯ ಚಾವಿಯೇ ಗತಿ. ಗೇಣುದ್ದದ ಕಬ್ಬಿಣ, ಒಳ್ಳೆ ತೂಕ. ಒಂದು ದಿನ ಈನೊಸ್ ಅದರ ತುದಿಗೆ ಕೋಕೋ ಮೆತ್ತಿದ್ದನ್ನು ನೋಡಿಬಿಟ್ಟ.

"ಲೋ ಲಾಕಿ, ಇದೇನೋ ಇದು? ನಿಮ್ಮವ್ವನ ಅಡುಗೆಮನೆ ಸೌಟು ಅಂದ್ಕೊಂಡ್ಯಾ?"

"ಒಂದು ನಿಮಿಷದ ಕೆಲಸ ಅಣ್ಣ. ಒಡೆದು ತಂದಿಟ್ಟೆ."

"ಹಡಗು ಮುಳುಗೋಕೂ ಒಂದೇ ನಿಮಿಷ ಸಾಕು ಕಣೋ. ಚಾವಿ ಕೊಕ್ಕೆ ಬಿಟ್ಟು ಇನ್ನೊಂದ್ಸಲ ಕದಲಿದ್ರೆ, ನಿನ್ನನ್ನೇ ಆ ಕೊಕ್ಕೆಗೆ ನೇತು ಹಾಕ್ತೀನಿ."

ಹಾಗಂದು ಸಂಜೆ ನಾನು ಒಡೆದ ಕೋಕೋವನ್ನೇ ಎರಡು ಲೋಟ ಕುಡಿದ. ಬೈಯುವುದೂ ಪ್ರೀತಿಯೂ ಅವನಲ್ಲಿ ಒಂದೇ ಬಾಯಿಂದ ಬರುತ್ತಿದ್ದವು.

ಸಾವಿರದ ಒಂಬೈನೂರ ನಲವತ್ತೆರಡು, ಅಕ್ಟೋಬರ್. ನಮ್ಮ ಗ್ಲೇಸ್ ಬೇ ಪಕ್ಕದ ಸಿಡ್ನಿ ಬಂದರಿನಿಂದ ಹೊರಟ ನಾಲ್ಕನೆಯ ದಿನ. ನಲವತ್ತೊಂದು ಸರಕು ಹಡಗು, ಅವುಗಳ ಕಾವಲಿಗೆ ನಮ್ಮಂಥ ನಾಲ್ಕು ಕುನ್ನಿ ಹಡಗುಗಳು. ಬೆಳಗಿನ ಗಂಜಿ ಕೈಯಲ್ಲಿರುವಾಗಲೇ ಎರಡನೆಯ ಸಾಲಿನ ಎಣ್ಣೆ ಹಡಗಿಗೆ ಟಾರ್ಪೆಡೊ ಬಿತ್ತು. ಉರಿಯುವ ಎಣ್ಣೆ ಸಮುದ್ರದ ಮೇಲೆ ಹರಡಿ, ಅದರೊಳಗಿಂದ ಮನುಷ್ಯರು ಈಜಿ ಹೊರಬರಲು ನೋಡುತ್ತಿದ್ದರು. ಒಬ್ಬ ಬಂದೇಬಿಟ್ಟ. ಅವನನ್ನು ಹಗ್ಗ ಹಾಕಿ ಎಳೆದಾಗ ಕೈಯ ಚರ್ಮ ಕೈಗವಸಿನ ಹಾಗೆ ಕಳಚಿ ಹಗ್ಗದಲ್ಲೇ ಉಳಿಯಿತು, ಅವನು ನೀರಿಗೆ ವಾಪಸು ಬಿದ್ದ. ನಾವು ನಿಲ್ಲುವಂತಿರಲಿಲ್ಲ. ಆ ಹೊತ್ತಿಗೆ ಶಬ್ದಯಂತ್ರಕ್ಕೆ ಸಬ್‌ಮೆರೀನಿನ ಪ್ರತಿಧ್ವನಿ ಸಿಕ್ಕಿತ್ತು.

ಎರಡು ಗಂಟೆ ಅದನ್ನು ಬೆನ್ನಟ್ಟಿದೆವು. ಡ್ರಮ್ಮು ಉರುಳಿಸುವುದು, ಹಾರಿಸುವುದು, ಹೊಸದನ್ನು ಏರಿಸುವುದು, ಮುಳ್ಳು ತಿರುಗಿಸುವುದು. ಪ್ರತಿ ಸಿಡಿತಕ್ಕೂ ನಮ್ಮ ಹಡಗಿನ ಹಿಂಭಾಗವೇ ಮೊಣಕಾಲೆತ್ತರ ಎಗರಿ ಬೀಳುತ್ತಿತ್ತು. ಹರ್ಮನ್ ಎಂಬ ಆ ಲೂನೆನ್‌ಬರ್ಗಿನ ಹುಡುಗನ ಹೆಬ್ಬೆರಳು ಸರಪಳಿಗೆ ಸಿಕ್ಕಿ ಜಜ್ಜಿಹೋಯಿತು. ಅವನು ಅದಕ್ಕೆ ಚಿಂದಿ ಸುತ್ತಿಕೊಂಡು ಮತ್ತೆ ಡ್ರಮ್ಮಿಗೆ ಭುಜ ಕೊಟ್ಟ. ಹನ್ನೊಂದು ಗಂಟೆಗೆ ಮುನ್ನೂರು ಗಜ ದೂರದಲ್ಲಿ ನೀರು ಉಬ್ಬಿ, ಸಬ್‌ಮೆರೀನು ಮೂತಿ ಮೇಲೆ ಮಾಡಿ ಎದ್ದಿತು.

ಅದರ ಮುಚ್ಚಳ ತೆರೆದು ಮನುಷ್ಯರು ಹೊರಗೆ ಬರತೊಡಗಿದರು. ಕೆಲವರು ಕೈಯೆತ್ತಿದ್ದರು, ಕೆಲವರು ತಮ್ಮ ತೋಪಿನ ಕಡೆ ಓಡಿದರು. ನಮ್ಮ ಮಷಿನ್‌ಗನ್ನಿನವನಿಗೆ ಆ ವ್ಯತ್ಯಾಸ ನೋಡುವ ವ್ಯವಧಾನವಿರಲಿಲ್ಲ. ಬಂದವರು ಬಂದಂತೆ ಒಬ್ಬರ ಮೇಲೊಬ್ಬರು ಬಿದ್ದರು, ಹಿಂದಿನವರು ಅವರನ್ನೇ ತುಳಿದು ಹತ್ತಿದರು. ಕಪ್ತಾನರು ಹಡಗನ್ನು ನೇರ ಅದರ ಮೇಲೆ ನುಗ್ಗಿಸಿದರು. ನಮ್ಮ ಮೂತಿ ಹತ್ತಿರವಾಗುತ್ತಿದ್ದಂತೆ ಒಬ್ಬ ಜರ್ಮನಿಯವನು ಅಂಗೈ ಮುಂದೆ ಮಾಡಿ ನಿಂತಿದ್ದ, ಬರುವ ಗಾಡಿಯನ್ನು ತಡೆಯುವವನಂತೆ. ಕಬ್ಬಿಣಕ್ಕೆ ಕಬ್ಬಿಣ ಉಜ್ಜಿದ ಆ ಸದ್ದು ಹಲ್ಲಿನ ಬುಡದಲ್ಲಿ ಇವತ್ತಿಗೂ ಇದೆ. ಸಬ್‌ಮೆರೀನು ಎರಡು ಹೋಳಾಯಿತು. ಅರ್ಧ ದೇಹದ ಒಬ್ಬ ನಮ್ಮ ಮೂತಿಯ ಸೀಳಿಗೆ ಸಿಕ್ಕಿಕೊಂಡು ಸ್ವಲ್ಪ ದೂರ ನಮ್ಮ ಜೊತೆಯೇ ಬಂದ.

ನಾವು ಕುಣಿದೆವು. ನಾಚಿಕೆಗೇಡು, ಆದರೆ ಕುಣಿದದ್ದು ನಿಜ. ಈನೊಸ್ ಒಬ್ಬ ಕುಣಿಯಲಿಲ್ಲ.

"ಬಾಯಿ ಮುಚ್ಕೊಂಡು ಮತ್ತೆ ಏರಿಸ್ರೋ," ಅಂದ. "ತೋಳ ಒಂಟಿಯಾಗಿ ಬರಲ್ಲ. ಬಲಗಡೆ ಎರಡೂ ನೂರಕ್ಕಿಡು ಲಾಕಿ."

ಬಲಗಡೆ ಡ್ರಮ್ಮು ಹಾರಿಸುವ ಯಂತ್ರ ಎರಡು. ಎರಡಕ್ಕೂ ಡ್ರಮ್ಮು ಏರಿಸಿ ಮುಳ್ಳನ್ನು ನೂರಕ್ಕೆ ತಿರುಗಿಸಿದೆ. ಎಡಗಡೆ ಎರಡು, ಹಿಂಭಾಗದ ಹಳಿಗಳ ಮೇಲೆ ಹತ್ತು, ಒಟ್ಟು ಹನ್ನೆರಡು ಡ್ರಮ್ಮುಗಳನ್ನು ಅವನು ಐವತ್ತಕ್ಕೆ ಇಟ್ಟ. ಆಮೇಲೆ ಇಪ್ಪತ್ತು ನಿಮಿಷ ಏನೂ ಇಲ್ಲ. ಮೂತಿ ಜಜ್ಜಿದ ಹಡಗು ಕುಂಟುತ್ತಾ ಗುಂಪಿನ ಕಡೆ ಹೊರಟಿತು. ಬೊಡ್ರೋ ಅಡುಗೆಮನೆಯ ಬಾಗಿಲಿಂದ ತಲೆ ಹೊರಗೆ ಹಾಕಿದ.

"ಗೆದ್ದವರಿಗೆ ಕೋಕೋ ಬೇಡ್ವೇನ್ರೋ? ಲಾಕಿ, ನಿನ್ನ ಸುತ್ತಿಗೆ ತಗೊಂಡು ಬಾ ಮಾರಾಯ."

ಈನೊಸ್ ಸಮುದ್ರದ ಕಡೆ ಮುಖ ಮಾಡಿದ್ದ. ನಾನು ಚಾವಿಯನ್ನು ಕೊಕ್ಕೆಯಿಂದ ತೆಗೆದುಕೊಂಡು ಹೋದೆ. ಅರ್ಧ ಹಲಗೆಯೂ ಒಡೆದಿರಲಿಲ್ಲ, ಹರ್ಮನ್ ತನ್ನ ಹೆಬ್ಬೆರಳ ಚಿಂದಿ ಬಿಗಿಯಲು ಕರೆದ. "ಇಟ್ಟು ಹೋಗು, ಉಳಿದದ್ದು ನಾನು ಒಡ್ಕೋತೀನಿ," ಅಂದ ಬೊಡ್ರೋ. ಇಟ್ಟು ಹೋದೆ. ಹರ್ಮನನ ಬೆರಳಿಗೆ ಮೂರನೆಯ ಸುತ್ತು ಹಾಕುವಾಗ ಟಾರ್ಪೆಡೊ ಬಂದು ಹಡಗಿನ ನಡುವಿಗೇ ಹೊಡೆಯಿತು.

ಅಡುಗೆಮನೆ ಇದ್ದ ಕಡೆ ಆಕಾಶ ಕಂಡಿತು. ಬೊಡ್ರೋನ ಒಂದು ಬೂಟು, ಅದರೊಳಗಿನ ಕಾಲಿನ ಸಮೇತ, ನನ್ನ ಮುಂದೆ ಬಂದು ಬಿತ್ತು. ಬಾಯ್ಲರಿನ ಕುದಿನೀರು ಕೆಳಗಿದ್ದ ಹನ್ನೆರಡು ಮಂದಿಯನ್ನು ಬೇಯಿಸುವ ಸದ್ದು ಮಾತಾಡುವ ಕೊಳವೆಯಲ್ಲಿ ಕೇಳಿತು, ನಿಂತಿತು. ಹಡಗು ಬಲಕ್ಕೆ ವಾಲಿತು. ಮೇಲಿಂದ ಕಪ್ತಾನರ ಗಂಟಲು: "ಹಡಗು ಬಿಡಿ. ಜಿಂಕ್, ಡ್ರಮ್ಮು ನೋಡ್ಕೊ."

ಈನೊಸ್ ಅಷ್ಟರಲ್ಲೇ ಹಿಂಭಾಗದಲ್ಲಿ ಮಂಡಿಯೂರಿ ಕೂತಿದ್ದ. ಎಂಟು ಬೆರಳಿನ ಆ ಮನುಷ್ಯ, ಸೊಂಟದವರೆಗೆ ಅಲೆ ಹೊಡೆಯುತ್ತಿದ್ದರೂ, ಒಂದಾದ ಮೇಲೆ ಒಂದು ಮುಳ್ಳು ತಿರುಗಿಸುತ್ತಾ ಜೋರಾಗಿ ಎಣಿಸುತ್ತಿದ್ದ. ನಾನು ಕೊಕ್ಕೆಯ ಹತ್ತಿರ ಓಡಿದೆ. ಬರೀ ಕೊಕ್ಕೆ. ಆಗ ನೆನಪಾಯಿತು. ಬರಿಗೈಯಲ್ಲಿ ಮುಳ್ಳನ್ನು ಹಿಡಿದು ತಿರುಗಿಸಲು ನೋಡಿದೆ, ಉಗುರು ಕಿತ್ತುಬಂತು, ಮುಳ್ಳು ಅಲುಗಲಿಲ್ಲ.

"ಹನ್ನೆರಡು. ಬಲಗಡೆ?" ಎಂದು ಈನೊಸ್ ಕೂಗಿದ.

ನಾನು "ಸೇಫ್" ಅಂದೆ.

ಬಾಯಿ ತಾನಾಗಿಯೇ ಅಂದುಬಿಟ್ಟಿತು ಎಂದು ಮೂವತ್ತು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಅರ್ಧ ಸತ್ಯ. ಅಂದ ಮೇಲೆ ಅವನು ಕಪ್ತಾನರ ಕಡೆ ತಿರುಗಿ "ಎಲ್ಲಾ ಸೇಫ್ ಸರ್" ಎಂದು ಕೂಗುವವರೆಗೂ ನನಗೆ ಸಮಯವಿತ್ತು. ಅವನ ಕೊರಳಲ್ಲಿ ಚಾವಿ ಇತ್ತು. 'ಅಣ್ಣ, ನನ್ನ ಹತ್ರ ಚಾವಿ ಇಲ್ಲ, ಇತ್ತ ಬಾ' ಎಂಬ ನಾಲ್ಕು ಮಾತು ಸಾಕಿತ್ತು. ಬೈಸಿಕೊಳ್ಳಬೇಕಲ್ಲ ಎಂದು ಹೇಳಲಿಲ್ಲ. ಹಡಗು ಕಾಲಡಿಯಲ್ಲಿ ಹೋಗುತ್ತಿದೆ, ನಾನು ಕೋಕೋಗೆ ಬೈಸಿಕೊಳ್ಳುವುದಕ್ಕೆ ಹೆದರಿದೆ. ಥೂ ನನ್ನ ಜನ್ಮಕ್ಕೆ.

ಅವನ ವರದಿ ಕೇಳಿ ಕಪ್ತಾನರು ಎಲ್ಲರನ್ನೂ ನೀರಿಗೆ ಇಳಿಸಿದರು. ನನಗೆ ತೆಪ್ಪದ ಮೇಲೆ ಜಾಗ ಸಿಕ್ಕಿತು. ಒಂಬತ್ತು ಜನ ತೆಪ್ಪದ ಮೇಲಿದ್ದೆವು, ಹೆಚ್ಚಿನವರೆಲ್ಲ ನೀರಿನಲ್ಲಿ. ಹುಡುಗರು ಹಾಡತೊಡಗಿದ್ದರು, ಗುಂಪಿನ ಹಡಗೊಂದು ಆಗಲೇ ನಮ್ಮ ಕಡೆ ತಿರುಗಿತ್ತು. ಈನೊಸ್ ಸುಟ್ಟು ಸುಲಿದುಹೋದ ಬಾಯ್ಲರಿನವನೊಬ್ಬನ ಕಾಲರು ಹಿಡಿದು ಈಜುತ್ತಾ ಬಂದ. "ಲಾಕಿ, ಇವನನ್ನ ಎಳ್ಕೊಳ್ಳೋ, ಮೆಲ್ಲಗೆ," ಅಂದ. ನಾನು ಅವನನ್ನು ಎಳೆದು ತೆಪ್ಪಕ್ಕೆ ಹಾಕುತ್ತಿದ್ದಾಗ ಮಾಬೂ ಹಿಂಭಾಗ ಎತ್ತಿ ಇಳಿದುಹೋಯಿತು. 'ನೀನೂ ಹತ್ತು ಅಣ್ಣ' ಎಂದು ಹೇಳುವುದಿತ್ತು. ಹೇಳಲಿಲ್ಲ.

ಮೊದಲನೆಯದು ಸಿಡಿಯಿತು. ನೀರು ಬಿಳಿಯಾಗಿ ನಡುಗಿತು, ತೆಪ್ಪ ಒದ್ದಂತೆ ಹಾರಿತು. ಹಾಡು ಕತ್ತರಿಸಿದಂತೆ ನಿಂತಿತು. ಈನೊಸನ ಬಾಯಿಂದ, ಮೂಗಿಂದ ರಕ್ತ ಬಂತು. ಅವನು ತೆಪ್ಪದ ಹಗ್ಗ ಹಿಡಿದು ನನ್ನ ಮುಖ ನೋಡಿದ.

"ಬಲಗಡೆ," ಅಂದ. ಈ ಸಲ ಅವನು ಕೇಳುತ್ತಿರಲಿಲ್ಲ.

ಆಗ ಎರಡನೆಯದು ಸಿಡಿಯಿತು.

ಇಪ್ಪತ್ತೇಳು ಜನ. ಹೊರಗೆ ಒಂದು ಗೀರು ಇಲ್ಲ, ಒಳಗೆ ಕರುಳೆಲ್ಲ ನುಚ್ಚು. ಕೆಲವರು ತಕ್ಷಣ ಹೋದರು. ಹರ್ಮನ್ ಅರ್ಧ ಗಂಟೆ ತನ್ನ ಹೊಟ್ಟೆ ಹಿಡಿದುಕೊಂಡು ಅವ್ವನನ್ನು ಕರೆದ. ನಾನು ಸುತ್ತಿದ ಚಿಂದಿ ಅವನ ಹೆಬ್ಬೆರಳಲ್ಲಿ ಹಾಗೇ ಇತ್ತು. ಕಪ್ತಾನರೂ ಅವರಲ್ಲೇ ಒಬ್ಬರು.

ಆಮೇಲೆ ವಿಚಾರಣೆಯಾಯಿತು. ಮೂವರು ಅಧಿಕಾರಿಗಳು, ಉದ್ದನೆಯ ಮೇಜು. "ಜಿಂಕ್ ಏನೆಂದು ವರದಿ ಮಾಡಿದ?" ಎಂದು ಕೇಳಿದರು. "ಎಲ್ಲಾ ಸೇಫ್ ಅಂದ ಸರ್," ಅಂದೆ. ಅಕ್ಷರ ಅಕ್ಷರ ನಿಜ. ಅದಕ್ಕಿಂತ ದೊಡ್ಡ ಸುಳ್ಳನ್ನು ನಾನು ಹುಟ್ಟಿದ ಮೇಲೆ ಹೇಳಿಲ್ಲ. ಅವರು ಬರೆದುಕೊಂಡರು. ಕ್ರಾಸ್ಬಿ ಅದನ್ನೇ ನೋಡಿ ಟೈಪು ಮಾಡಿದ್ದಾನೆ, ಪಾಪ, ಅವನನ್ನು ಬೈದು ಏನು ಬಂತು.

ಇಷ್ಟನ್ನೂ ವರ್ನಾಗೆ ಹೇಳಿ ಮುಗಿಸುವಾಗ ಕೋಕೋದ ಮೇಲೆ ಕೆನೆ ಕಟ್ಟಿತ್ತು. ಅವಳು ಒಂದು ಗುಟುಕು ಕುಡಿದಿದ್ದಳು. ಲೋಟವನ್ನು ಬೆರಳ ತುದಿಯಿಂದ ದೂರ ಸರಿಸಿದಳು.

"ಅಪ್ಪ ಎಷ್ಟು ಸೇಫ್ ಮಾಡಿದ್ರು?"

"ಹನ್ನೆರಡು. ಹನ್ನೆರಡಕ್ಕೆ ಹನ್ನೆರಡು. ಅವು ಸಿಡಿದಿದ್ರೆ ಒಬ್ಬನೂ ಉಳೀತಿರಲಿಲ್ಲ, ನಾನೂ ಸೇರಿ."

"ಅಮ್ಮ ಸತ್ತು ನಾಲ್ಕು ವರ್ಷ ಆಯ್ತು," ಅಂದಳು. ದನಿ ಏರಲಿಲ್ಲ. "ಕ್ಯಾನ್ಸರು. ಕೊನೇ ವಾರಾನೂ ಅದೇ ಕೇಳ್ತಿದ್ಲು, 'ಹರ್ಮನನ ಅವ್ವ ಹೇಳೋದು ನಿಜಾನಾ ವರ್ನಾ' ಅಂತ. ನನಗೆ ಗೊತ್ತಿಲ್ಲಮ್ಮ ಅಂದೆ. ಇಲ್ಲಿಂದ ಒಂದು ದಿನದ ದಾರಿ. ಎರಡು ಬಸ್ಸು."

ನಾನು ಪೆನ್ನು ತೆಗೆದುಕೊಂಡು ಹನ್ನೆರಡನೆಯ ಸಾಲನ್ನು ಹೊಡೆದುಹಾಕಿದೆ. ಕೆಳಗೆ ನನ್ನ ಹೆಸರು ಬರೆಯಲು ಹೊರಟೆ. ಅವಳು ಪುಟವನ್ನು ಕೈಯಡಿಯಿಂದ ಎಳೆದುಕೊಂಡಳು.

"ಬರೆಯೋದು ಕ್ರಾಸ್ಬಿ ಬರ್ಕೊಳ್ಳಲಿ. ನೀವು ಆವತ್ತು ಬಾಯಲ್ಲಿ ಕೂಗಿದ್ರಿ. ಭಾನುವಾರ ಬಂದು ಬಾಯಲ್ಲೇ ಹೇಳಿ. ಹರ್ಮನನ ಅವ್ವ ಬರ್ತಾಳೆ. ಎಂಬತ್ತೊಂದು ವರ್ಷ ಅವಳಿಗೆ, ಕಿವಿ ಮಂದ. ನಾನೇ ಕರ್ಕೊಂಡು ಬರ್ತೀನಿ."

ಕೋಟಿನ ಗುಂಡಿ ನೇರ ಮಾಡಿಕೊಂಡು ಹೊರಟುಹೋದಳು. ಕ್ಷಮಿಸು ಎಂದು ನಾನು ಕೇಳಲಿಲ್ಲ. ಯಾವ ಮುಖ ಇಟ್ಟುಕೊಂಡು ಕೇಳುವುದು?

ಭಾನುವಾರ ಪ್ರಾರ್ಥನೆ ಮುಗಿದ ಮೇಲೆ ಚರ್ಚಿನ ಹಾಲ್ ಜನರಿಂದ ತುಂಬಿತ್ತು. ನಮ್ಮಲ್ಲೊಂದು ಪದ್ಧತಿ, ಹಡಗಿನ ಹಾಜರಿ ಕೂಗುತ್ತಾರೆ, ಸತ್ತವನ ಹೆಸರು ಬಂದಾಗ ಬದುಕಿರುವವನೊಬ್ಬ ಅವನ ಪರವಾಗಿ ಎದ್ದು 'ಇದ್ದಾನೆ' ಅನ್ನಬೇಕು. ಬೊಡ್ರೋಗೆ ಅವನ ತಮ್ಮ ಎದ್ದ. ಹರ್ಮನನಿಗೆ, ಸುಟ್ಟ ಮುಖದ ಆ ಬಾಯ್ಲರಿನವನು ಎದ್ದ. 'ಈನೊಸ್ ಜಿಂಕ್' ಎಂದು ಕ್ರಾಸ್ಬಿ ಕೂಗಿದಾಗ ಯಾರೂ ಅಲುಗಲಿಲ್ಲ. ಪ್ರತಿ ವರ್ಷವೂ ಅಷ್ಟೇ. ಅವನು ಸ್ವಲ್ಪ ತಡೆದು ಮುಂದಿನ ಹೆಸರಿಗೆ ಹೋಗುತ್ತಿದ್ದ, ನಾನು ಬೂಟು ನೋಡಿಕೊಂಡು ಕೂತಿರುತ್ತಿದ್ದೆ.

ಎದ್ದು ನಿಂತೆ.

"ಇದ್ದಾನೆ," ಅಂದೆ. "ಅವನ ಪಾಲಿನ ಹನ್ನೆರಡೂ ಸೇಫ್ ಇದ್ವು. ಬಲಗಡೆ ನನ್ನದು. ಬಲಗಡೆ ಸೇಫ್ ಇರಲಿಲ್ಲ. ಚಾವಿ ನಾನು ಅಡುಗೆಮನೇಲಿ ಬಿಟ್ಟಿದ್ದೆ. ಅವನು ಕೇಳಿದಾಗ ನಾನು ಸುಳ್ಳು ಹೇಳಿದೆ."

ಬಾಯ್ಲರಿನವನು ತಿರುಗಿ ನನ್ನನ್ನು ನೋಡಿ, ಮುಖ ಆಚೆ ತಿರುಗಿಸಿದ. ಕೊನೆಯ ಸಾಲಿನಲ್ಲಿ ವರ್ನಾಳ ಪಕ್ಕ ಕೂತಿದ್ದ ಮುದುಕಿ, ಬಾಯಿ ಆಡಿಸುತ್ತಾ, ಅಂಗೈಯನ್ನು ಕಿವಿಗೆ ಹಿಡಿದಿದ್ದಳು.

"ಅವನೇನಂದ?" ಎಂದು ವರ್ನಾಳನ್ನು ಕೇಳಿದಳು.

ವರ್ನಾ ನನ್ನ ಕಡೆ ನೋಡಿದಳು.

"ಅವಳಿಗೆ ಕೇಳಿಸ್ಲಿಲ್ಲ," ಅಂದಳು. "ಇನ್ನೊಂದ್ಸಲ ಹೇಳಿ."

ನಾನು ಮುಂದಿನ ಕುರ್ಚಿಯನ್ನು ಗಟ್ಟಿಯಾಗಿ ಹಿಡಿದುಕೊಂಡು, ಗಂಟಲೆತ್ತಿ, ಮೊದಲಿನಿಂದ ಶುರುಮಾಡಿದೆ.